ಲಕ್ಕವಳ್ಳಿಯ ನಡುಗಡ್ಡೆ ಮತ್ತು ನಮ್ಮ ಪ್ರವಾಸ ಗದ್ಯ

ಭದ್ರಾ ಜಲಾಶಯದ ಬಳಿ ಎರಡು ಮೂರು ದಿನ ಇದ್ದು ಬರೋಣವೆಂದು ಹೊರಡುವ ಪೇಟೆಯ ಕುಟುಂಬದ ಕೈಯಲ್ಲಿ ಈಗ ಒಂದಲ್ಲ ಒಂದು ಬರೆಹ ಇದ್ದೇ ಇರುತ್ತದೆ. ಅದು ಪ್ರವಾಸೋದ್ಯಮದವರು ಹಂಚುವ ಮಡಿಕೆ ಹಾಳೆಯಾಗಿರಬಹುದು, ಪತ್ರಿಕೆಯಿಂದ ಕತ್ತರಿಸಿಟ್ಟ ಲೇಖನವಾಗಿರಬಹುದು, ಮೊಬೈಲಿನ ಪರದೆಯ ಮೇಲಿನ ನಾಲ್ಕು ಸಾಲುಗಳಾಗಿರಬಹುದು. ಇಂದು ಕನ್ನಡದಲ್ಲಿ ಬಹಳ ಜನ ಓದುವ ಗದ್ಯಗಳಲ್ಲಿ ಇದೂ ಒಂದು ಎಂದರೆ ಅತಿಶಯೋಕ್ತಿಯಾಗಲಾರದು. ಕವಿತಾಸಂಗ್ರಹವೊಂದು ಹೊರಬಂದರೆ ಕನ್ನಡಕ ಏರಿಸಿಕೊಂಡು ಕುಳಿತುಕೊಳ್ಳುವ ನಮ್ಮಂಥ ಮೇಷ್ಟರುಗಳು ಈ ಗದ್ಯದ ಕಡೆ ಕಣ್ಣು ಹಾಯಿಸಿದ್ದು ಮಾತ್ರ ಕಡಮೆ. ಇದು ಸಾಹಿತ್ಯವಲ್ಲ, ಸರಕಿನ ಜಾಹೀರಾತು ಎಂದು ಪಕ್ಕಕ್ಕಿಡುವುದು ಸುಲಭ. ಆದರೆ ಒಂದು ನಾಡನ್ನು ಅದರಲ್ಲಿಯೇ ಹುಟ್ಟಿದ ಮಕ್ಕಳು ಯಾವ ಮಾತಿನ ಮೂಲಕ ನೋಡಲು ಕಲಿಯುತ್ತಾರೆ ಎಂಬ ಪ್ರಶ್ನೆ ಸಾಹಿತ್ಯದ ಪ್ರಶ್ನೆಯೇ ಹೌದು. ಆದ್ದರಿಂದ ಲಕ್ಕವಳ್ಳಿಯ ನಡುಗಡ್ಡೆಯನ್ನೂ ಅಲ್ಲಿಂದ ಯಾತ್ರಿಕರು ಹೋಗಿಬರುವ ತಾಣಗಳನ್ನೂ ಮುಂದಿಟ್ಟುಕೊಂಡು ಈ ಗದ್ಯವನ್ನು ಕೊಂಚ ಪರೀಕ್ಷಿಸಿ ನೋಡೋಣ.

ಮೊದಲು ಸ್ಥಳದ ಪರಿಚಯ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟಿದೆ. ಅದರ ಹಿಂದೆ ಹರಡಿದ ನೀರಿನಲ್ಲಿ ಗುಡ್ಡಗಳ ನೆತ್ತಿಗಳು ಅಲ್ಲಲ್ಲಿ ತಲೆಯೆತ್ತಿಕೊಂಡಿವೆ. ಕೆಲವು ಪೂರ್ತಿ ನಡುಗಡ್ಡೆಗಳು. ಕೆಲವು ದಂಡೆಯಿಂದ ನೀರಿನೊಳಕ್ಕೆ ಚಾಚಿ, ಜಲಾಶಯ ತುಂಬಿದಾಗ ನಡುಗಡ್ಡೆಯಂತೆಯೇ ತೋರುವಂಥವು. ಅಂಥದೊಂದು ಗುಡ್ಡದ ಮೇಲೆ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನಡೆಸುವ 'ರಿವರ್ ಟರ್ನ್ ಲಾಡ್ಜ್' ಎಂಬ ವಸತಿ ಇದೆ. ಅಲ್ಲಿ ಇಳಿದುಕೊಂಡವರಿಗೆ ದೋಣಿಯ ವಿಹಾರವುಂಟು, ಭದ್ರಾ ಅಭಯಾರಣ್ಯದೊಳಗೆ ಜೀಪಿನ ಸುತ್ತಾಟವುಂಟು. ಇನ್ನೊಂದು ದಿನ ಬಿಡುವಾದರೆ ಕೆಮ್ಮಣ್ಣುಗುಂಡಿ, ದಾರಿಯಲ್ಲಿ ಕಲ್ಲತ್ತಿಗಿರಿಯ ಜಲಪಾತ ಮತ್ತು ವೀರಭದ್ರನ ಗುಡಿ, ಕಾಡು ತೋಟಗಳ ನಡುವಿನ ಹೆಬ್ಬೆ ಜಲಪಾತ, ತಿರುಗಿ ಬರುವಾಗ ಅಮೃತಾಪುರದ ದೇವಾಲಯ. ಮೂರು ದಿನಕ್ಕೆ ಇದು ತುಂಬಿದ ಎಲೆ. ಊಟದ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ದೂರಿರುವುದು ಊಟವನ್ನು ಬಣ್ಣಿಸುವ ಮಾತಿನ ಮೇಲೆ.

ಆ ಮಾತು ಎಂಥದೆಂದು ಎಲ್ಲರೂ ಬಲ್ಲರು. ನೀರು ಯಾವಾಗಲೂ ನಯನಮನೋಹರ, ಬೆಟ್ಟ ಮುಗಿಲು ಚುಂಬಿ, ಜಲಪಾತ ಹಾಲಿನ ನೊರೆ, ಕಾಡು ಹಸಿರು ಸೀರೆ, ಗುಡಿ ಶಿಲೆಯಲ್ಲಿ ಅರಳಿದ ಕಾವ್ಯ, ಎಲ್ಲವೂ ಸೇರಿ ಭೂಲೋಕದ ಸ್ವರ್ಗ. ತರಗತಿಯಲ್ಲಿ 'ನಾನು ನೋಡಿದ ಸ್ಥಳ' ಎಂಬ ವಿಷಯ ಕೊಟ್ಟಾಗಲೂ ಇವೇ ಶಬ್ದಗಳು ಸಾಲುಗಟ್ಟಿ ಬರುತ್ತವೆ. ಹುಡುಗರು ಸ್ಥಳ ನೋಡುವುದಕ್ಕೆ ಮೊದಲೇ ಶಬ್ದಗಳನ್ನು ನೋಡಿಕೊಂಡಿರುತ್ತಾರೆ. ಈ ಗದ್ಯಕ್ಕೆ ನಾನು ಒಂದು ಸಣ್ಣ ಪರೀಕ್ಷೆ ಒಡ್ಡುವುದುಂಟು. ವಾಕ್ಯದಲ್ಲಿ ಊರಿನ ಹೆಸರನ್ನು ತೆಗೆದು ಇನ್ನೊಂದು ಊರಿನ ಹೆಸರನ್ನಿಡಿ. ವಾಕ್ಯಕ್ಕೆ ನೋವಾಗದಿದ್ದರೆ ಆ ವಾಕ್ಯ ಯಾವ ಊರಿನದೂ ಅಲ್ಲ. ಲಕ್ಕವಳ್ಳಿಯ ಬಗ್ಗೆ ಬರೆದ ಹತ್ತರಲ್ಲಿ ಒಂಬತ್ತು ವಾಕ್ಯಗಳು ಊಟಿಗೂ ಒಪ್ಪುತ್ತವೆ, ಕೊಡೈಕೆನಾಲಿಗೂ ಒಪ್ಪುತ್ತವೆ, ಸ್ವಿಟ್ಜರ್ಲೆಂಡಿಗೂ ಒಪ್ಪುತ್ತವೆ.

ಇದಕ್ಕೆ ನಮ್ಮ ಹಳೆಯ ಕವಿಗಳೇ ಹೊಣೆ ಎಂದು ಯಾರಾದರೂ ವಾದಿಸಬಹುದು. ಮಹಾಕಾವ್ಯವೆಂದರೆ ಅಷ್ಟಾದಶ ವರ್ಣನೆ ಇರಬೇಕೆಂದು ಲಾಕ್ಷಣಿಕರು ವಿಧಿಸಿದ್ದರು. ಸಮುದ್ರ, ಪರ್ವತ, ಚಂದ್ರೋದಯಗಳ ಜತೆಗೆ ವನವಿಹಾರ, ಜಲಕ್ರೀಡೆಗಳೂ ಆ ಪಟ್ಟಿಯಲ್ಲಿದ್ದುವು. ಇಂದಿನ ವಸತಿಗೃಹದ ದಿನಚರಿಯಲ್ಲಿಯೂ ಬೆಳಿಗ್ಗೆ ವನವಿಹಾರ, ಸಂಜೆ ಜಲಕ್ರೀಡೆ! ಹೆಸರು ಮಾತ್ರ ಸಫಾರಿ, ಬೋಟಿಂಗ್ ಎಂದಾಗಿದೆ. ಆದರೆ ಹಳಬರ ಮೇಲೆ ಹೊಣೆ ಹೊರಿಸುವ ಮುನ್ನ ಪಂಪನನ್ನು ನೆನೆಯಬೇಕು. ಅವನ ಬನವಾಸಿಯ ಪದ್ಯಗಳಲ್ಲಿ ಬರುವ ಗಾಳಿ, ಹೂವು, ಹಾಡುಗಳು ಬೇರೆ ಊರುಗಳಲ್ಲಿ ಇಲ್ಲದ ವಸ್ತುಗಳೇನಲ್ಲ. ಆದರೂ ಆ ಪದ್ಯಗಳನ್ನು ಇನ್ನೊಂದು ಊರಿಗೆ ಎತ್ತಿ ಕಟ್ಟಲಾಗದು. ಆ ಊರಿಗೂ ಆಡುವವನ ಬಾಳಿಗೂ ನಡುವೆ ಇರುವ ನಂಟು ಅಲ್ಲಿ ನುಡಿಯಾಗಿದೆ. ವರ್ಣನೆಯ ದೋಷ ವಿಶೇಷಣದಲ್ಲಿಲ್ಲ, ನಂಟಿಲ್ಲದ ವಿಶೇಷಣದಲ್ಲಿದೆ.

ಈ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳಲು ನಡುಗಡ್ಡೆಯ ಅತಿಥಿಗಳು ತಪ್ಪದೆ ಹೋಗಿಬರುವ ಅಮೃತಾಪುರವೇ ನೆರವಾಗುತ್ತದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಗುಡಿ ಅದು. ತೆರೆದ ಮಂಟಪದ ಸುತ್ತಿನ ಗಿಡ್ಡ ಗೋಡೆಯ ಮೇಲೆ ನೂರನಾಲ್ವತ್ತು ಕಥಾಫಲಕಗಳಿವೆ. ತೆಂಕಣ ಭಾಗದ ಎಪ್ಪತ್ತರಲ್ಲಿ ರಾಮಾಯಣ, ಬಡಗಣ ಭಾಗದಲ್ಲಿ ಕೃಷ್ಣನ ಕಥೆ ಮತ್ತು ಭಾರತ. ರಾಮಾಯಣದ ಕಥೆ ಇಲ್ಲಿ ವಾಡಿಕೆಯ ಬಲಸುತ್ತಿನಲ್ಲಿ ಸಾಗದೆ ಎಡಸುತ್ತಿನಲ್ಲಿ ಸಾಗುತ್ತದೆ. ಇಷ್ಟು ಹೇಳಿದರೆ ಸಾಕು, ನೋಡುವವನ ಕಾಲು ತಾನಾಗಿ ಸರಿಯಾದ ಕಡೆಯಿಂದ ಹೊರಡುತ್ತದೆ. 'ಶಿಲೆಯಲ್ಲಿ ಅರಳಿದ ಕಾವ್ಯ' ಎಂಬ ಮಾತಿನಿಂದ ಕಾಲು ಒಂದು ಹೆಜ್ಜೆಯನ್ನೂ ಇಡಲಾರದು.

ಅಲ್ಲಿ ನಿಜವಾದ ಕಾವ್ಯವೂ ಇದೆ. ಮುಖಮಂಟಪದ ಬಳಿಯ ದೊಡ್ಡ ಶಾಸನದ ಪದ್ಯಗಳು ಜನ್ನನವು. 'ಯಶೋಧರ ಚರಿತೆ'ಯನ್ನು 1209ರಲ್ಲಿ ಮುಗಿಸಿದ, ಕವಿಚಕ್ರವರ್ತಿ ಎನಿಸಿಕೊಂಡ ಅದೇ ಜನ್ನ. ತರೀಕೆರೆ ಸೀಮೆಯ ಒಂದು ಸ್ಥಳವನ್ನು ಕುರಿತು ಬರೆದವರ ಸಾಲಿನಲ್ಲಿ ಇಷ್ಟು ದೊಡ್ಡ ಹೆಸರಿದೆ ಎಂಬುದನ್ನು ಮಡಿಕೆ ಹಾಳೆಗಳು ಹೇಳುವುದು ಅಪರೂಪ. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಆರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳೆಲ್ಲ ಒಟ್ಟಿಗಿವೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದು ಹೆಸರು. ಕಡೂರು, ತರೀಕೆರೆ, ಅಜ್ಜಂಪುರಗಳು ಒಂದೇ ರಟ್ಟಿನೊಳಗೆ ಬಂದುವು.

ನಮ್ಮ ದೊಡ್ಡ ದಾನಶಾಸನಗಳ ಕಟ್ಟಡವನ್ನು ಗಮನಿಸಿ. ಮೊದಲು ದೇವತಾಸ್ತುತಿ, ಆಮೇಲೆ ಅರಸನ ವಂಶ, ಬಿರುದು, ಪರಾಕ್ರಮ, ನಾಡಿನ ಸೊಬಗು, ಊರಿನ ಸಿರಿ. ಇದು ಪ್ರಶಸ್ತಿಭಾಗ. ಇಲ್ಲಿ ಕವಿಗೆ ಪೂರ್ಣ ಸ್ವಾತಂತ್ರ್ಯ. ಕೆರೆ ಕಡಲಾಗಬಹುದು, ಊರು ಅಮರಾವತಿಯಾಗಬಹುದು. ಆದರೆ ಶಾಸನ ಅಲ್ಲಿಗೆ ಮುಗಿಯುವುದಿಲ್ಲ. ಧಾಟಿ ತಟ್ಟನೆ ಬದಲಾಗುತ್ತದೆ. ಶಕವರ್ಷ, ಮಾಸ, ತಿಥಿ, ವಾರ. ಯಾರು ಯಾರಿಗೆ ಏನನ್ನು ಬಿಟ್ಟರು. ಗದ್ದೆ ಎಷ್ಟು, ಬೆದ್ದಲು ಎಷ್ಟು. ಮೂಡಲಿಗೆ ಯಾವ ಕಲ್ಲು, ಪಡುವಲಿಗೆ ಯಾವ ಹಳ್ಳ. ಕೊನೆಗೆ, ಇದನ್ನು ಅಳುಪಿದವನಿಗೆ ಶಾಪ. ಇದು ದತ್ತಿಭಾಗ. ಮೊದಲ ಭಾಗ ಹೊಗಳುತ್ತದೆ. ಎರಡನೆಯದು ಲೆಕ್ಕ ಒಪ್ಪಿಸುತ್ತದೆ. ಹೊಗಳಿಕೆಯ ಭಾರವನ್ನು ಈ ಲೆಕ್ಕ ಹೊರುತ್ತದೆ. ಊರು ಸ್ವರ್ಗ ಎಂದ ಬಾಯೇ ಆ ಸ್ವರ್ಗದ ಎಲ್ಲೆಕಲ್ಲು ಎಲ್ಲಿದೆ ಎಂದೂ ಹೇಳಬೇಕು.

ನಮ್ಮ ಪ್ರವಾಸ ಗದ್ಯಕ್ಕೆ ಆಗಿರುವುದು ಇಷ್ಟೆ: ಅದು ಪ್ರಶಸ್ತಿಯನ್ನು ಉಳಿಸಿಕೊಂಡು ದತ್ತಿಯನ್ನು ಕಳೆದುಕೊಂಡಿದೆ. ಯಾರು ಕೊಟ್ಟರು, ಯಾರು ಬಿಟ್ಟರು, ಯಾರಿಗೆ ಸಂದಿತು, ಎಲ್ಲೆ ಎಲ್ಲಿ ಎಂಬ ಮಾತುಗಳನ್ನು ಅದು ಆಡುವುದಿಲ್ಲ. ಆಡದಿರುವುದರಿಂದ ಕಳೆದುಹೋಗುವುದು ಬರಿಯ ಮಾಹಿತಿಯಲ್ಲ. ಸೌಂದರ್ಯವೂ ಹೌದು, ನ್ಯಾಯವೂ ಹೌದು.

ಲಕ್ಕವಳ್ಳಿಯ ನಡುಗಡ್ಡೆಗೆ ಒಂದು ದತ್ತಿಭಾಗ ಬರೆದರೆ ಏನೇನು ಬರೆಯಬೇಕಾದೀತು? ಮೊದಲ ಸಾಲಿನಲ್ಲಿಯೇ ಇದು ಹುಟ್ಟು ನಡುಗಡ್ಡೆಯಲ್ಲ ಎಂದು ಬರೆಯಬೇಕು. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ಹುಟ್ಟಿ ಬಂದ ಭದ್ರೆಗೆ ಇಲ್ಲಿ ಒಂದು ಕಣಿವೆಯಿತ್ತು. 1940ರ ದಶಕದ ಕೊನೆಯಲ್ಲಿ ಅಣೆಕಟ್ಟಿನ ಕೆಲಸ ಮೊದಲಾಗಿ 1960ರ ದಶಕದಲ್ಲಿ ಮುಗಿಯಿತು. ಕಣಿವೆ ತುಂಬಿತು, ತಗ್ಗಿನ ಗದ್ದೆ, ತೋಟ, ಮನೆ, ದಾರಿಗಳು ನೀರಿನಡಿಗೆ ಹೋದುವು, ಎತ್ತರದಲ್ಲಿದ್ದ ಗುಡ್ಡದ ನೆತ್ತಿ ಮಾತ್ರ ಉಳಿಯಿತು. ನಾವು ದೋಣಿಯಲ್ಲಿ ಕುಳಿತು ನಡುಗಡ್ಡೆ ಎಂದು ಕರೆಯುವುದು ಆ ನೆತ್ತಿಯನ್ನು. ಜಲಾಶಯದ ಪೂರ್ಣ ಮಟ್ಟ 186 ಅಡಿ; ಹಿಡಿಯುವ ನೀರು 71 ಟಿ.ಎಂ.ಸಿ.ಗೂ ಮಿಕ್ಕಿ. ಎಡದಂಡೆ, ಬಲದಂಡೆಗಳ ನಾಲೆಗಳಲ್ಲಿ ಹರಿದು ಅದು ಶಿವಮೊಗ್ಗ, ದಾವಣಗೆರೆ ಸೀಮೆಗಳಲ್ಲಿ ಭತ್ತವಾಗಿ, ಕಬ್ಬಾಗಿ, ಅಡಕೆಯಾಗಿ ಏಳುತ್ತದೆ. ಯಾರು ಬಿಟ್ಟರು, ಯಾರಿಗೆ ಸಂದಿತು ಎಂಬ ಎರಡೂ ಮಾತು ಇಲ್ಲಿ ಬಂದಂತಾಯಿತು.

ಇದರಿಂದ ನೋಟದ ಸವಿ ಕೆಡುತ್ತದೆಯೆ? ಕೆಡುವುದಿಲ್ಲವೆಂಬುದಕ್ಕೆ ಆ ವಸತಿಗೆ ಹೆಸರು ಕೊಟ್ಟ ಹಕ್ಕಿಯೇ ಸಾಕ್ಷಿ. ರಿವರ್ ಟರ್ನನ್ನು ಪಕ್ಷಿವೀಕ್ಷಕರು ನದಿ ರೀವ ಎಂದೂ ಕರೆಯುತ್ತಾರೆ. ಬೂದು ಬಣ್ಣದ ಬೆನ್ನು, ಕರಿಯ ನೆತ್ತಿ, ಹಳದಿ ಕೊಕ್ಕು, ಕವಲೊಡೆದ ಬಾಲ. ನೀರಿನ ಮೇಲೆ ಹಾರುತ್ತ ಹಾರುತ್ತ ಒಮ್ಮೆಲೆ ಕೆಳಗೆ ಬಿದ್ದು ಮೀನು ಹಿಡಿಯುವ ಈ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಮೇಲೆ ತಗ್ಗು ಕೆರೆದು ಮೊಟ್ಟೆಯಿಡುತ್ತದೆ. ಮಳೆಗಾಲದಲ್ಲಿ ತುಂಬಿದ ಜಲಾಶಯ ಬೇಸಗೆಯ ಕಡೆಗೆ ಇಳಿಯುತ್ತ ಹೋದಂತೆ ನೀರಿನಡಿಯಲ್ಲಿದ್ದ ಮಣ್ಣುಗಡ್ಡೆಗಳು ಮೇಲೇಳುತ್ತವೆ. ಸುತ್ತ ನೀರಿರುವುದರಿಂದ ನರಿ ನಾಯಿಗಳ ಭಯ ಕಡಮೆ. ಹಕ್ಕಿಗಳು ಸಾವಿರಗಟ್ಟಲೆ ಬಂದು ಅಲ್ಲಿ ಸಂಸಾರ ಹೂಡುತ್ತವೆ. ನೀರು ಇಳಿಯುವುದು ಏಕೆ? ನಾಲೆಗೆ ಬಿಡುವುದರಿಂದ. ಎಂದರೆ ದಾವಣಗೆರೆಯ ರೈತನ ಬೇಸಗೆ ಬೆಳೆಗೂ ಲಕ್ಕವಳ್ಳಿಯ ಹಕ್ಕಿಯ ಬಾಣಂತಿತನಕ್ಕೂ ಒಂದೇ ತೂಬು. ಮಟ್ಟ ಅಕಾಲದಲ್ಲಿ ಏರಿದರೆ ಮೊಟ್ಟೆ ಮುಳುಗುತ್ತದೆ. ಇಳಿಯದೆಯೇ ನಿಂತರೆ ಗೂಡಿಗೆ ನೆಲವೇ ಸಿಕ್ಕುವುದಿಲ್ಲ. 'ಬಾನಾಡಿಗಳ ಕಲರವ' ಎಂಬ ಸವೆದ ನಾಣ್ಯಕ್ಕಿಂತ ಈ ಸಂಗತಿ ಎಷ್ಟು ಪಾಲು ಸುಂದರ! ಈ ವಾಕ್ಯವನ್ನು ಊಟಿಗೆ ಒಯ್ಯಲಾಗದು.

ಹುಟ್ಟದ ನಡುಗಡ್ಡೆಯ, ಮಾಡಿದ ನಡುಗಡ್ಡೆಯ ದುಃಖವನ್ನು ನಮ್ಮ ಸಾಹಿತ್ಯ ಬಲ್ಲುದು. ಸಾಗರದ ನಾ. ಡಿಸೋಜರು ಶರಾವತಿ ಯೋಜನೆಯಲ್ಲಿ ನೌಕರರಾಗಿದ್ದು, ಮುಳುಗಡೆಯನ್ನು ಕಣ್ಣಾರೆ ಕಂಡು 'ದ್ವೀಪ' ಕಾದಂಬರಿ ಬರೆದರು. ಗಣಪಯ್ಯ, ನಾಗವೇಣಿಯರ ಮನೆಯ ಸುತ್ತ ನೀರು ಏರುತ್ತ ಬಂದು ಅವರು ನಿಂತ ನೆಲವೇ ದ್ವೀಪವಾಗುವ ಕಥೆ ಅದು. ಗಿರೀಶ ಕಾಸರವಳ್ಳಿಯವರು ಅದನ್ನು 2002ರಲ್ಲಿ ಚಲಚ್ಚಿತ್ರ ಮಾಡಿದರು. ಆ ಕೃತಿಯಲ್ಲಿ ದ್ವೀಪವೆಂಬುದು ಹೋಗಿ ನೋಡುವ ಸ್ಥಳವಲ್ಲ. ಜನರ ಮೇಲೆ ಬಂದೆರಗುವ ಸ್ಥಿತಿ. ಮಳೆ, ನೀರು, ಮಂಜು, ಹಸಿರು, ಪ್ರವಾಸ ಗದ್ಯದ ಎಲ್ಲ ಸಾಮಗ್ರಿಯೂ ಅಲ್ಲಿದೆ. ಆದರೆ ಪ್ರತಿಯೊಂದು ಹನಿಗೂ ತೂಕ ಬಂದಿದೆ. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಶರಾವತಿಯ ಮುಳುಗಡೆಗೆ ಅವರಿಂದ ಸಂದ ಋಣ ಭದ್ರೆಯ ಮುಳುಗಡೆಗೆ ಅಷ್ಟರ ಮಟ್ಟಿಗೆ ಸಂದಿಲ್ಲ. ಕಾದಂಬರಿ ಯಾರ ಅಪ್ಪಣೆಯಿಂದಲೂ ಹುಟ್ಟುವುದಿಲ್ಲ ನಿಜ. ಆದರೆ ಮಡಿಕೆ ಹಾಳೆಯಲ್ಲಿ ಎರಡು ಸಾಲು ಹುಟ್ಟಲು ಪ್ರತಿಭೆಯೇನೂ ಬೇಕಿಲ್ಲ.

ಜೀಪಿನಲ್ಲಿ ಕಾಡಿಗೆ ಹೋಗುವವರಿಗೂ ಇಂಥ ಎರಡು ಸಾಲು ಸಲ್ಲಬೇಕು. 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ ಮೊದಲಾಗಿ, 1974ರಲ್ಲಿ ಹಿಗ್ಗಿ ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡು ಇದು. ಒಳಗಿದ್ದ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಕ್ಕೆ ಬಂದು, ಹೆಚ್ಚಿನವರು ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಯಲ್ಲಿ ನೆಲೆಯಾದರು. ದೇಶದ ಇಂಥ ಸ್ಥಳಾಂತರಗಳಲ್ಲಿ ಇದು ಮೇಲ್ಮಟ್ಟದ್ದೆಂದು ಅಧ್ಯಯನ ಮಾಡಿದವರು ಹೇಳಿದ್ದಾರೆ. ಹಾಗಿದ್ದ ಮೇಲೆ ಅದನ್ನು ಮುಚ್ಚಿಡುವುದು ಏಕೆ? ಸಫಾರಿಯಲ್ಲಿ ಜಿಂಕೆ ಮೇಯುವ ಬಯಲೊಂದು ಕಂಡರೆ, ಅದು ಒಂದು ಕಾಲದ ಗದ್ದೆಬಯಲಾಗಿರಬಹುದೆ ಎಂದು ಕೇಳುವಷ್ಟು ತಿಳಿವಳಿಕೆ ಅತಿಥಿಗೆ ಇರಲಿ. 'ಮನುಷ್ಯನ ಸುಳಿವಿಲ್ಲದ ಕನ್ಯಾರಣ್ಯ' ಎಂಬ ಮಾತು ಸುಳ್ಳು ಎಂಬುದಕ್ಕಿಂತ ಹೆಚ್ಚಾಗಿ, ಬಿಟ್ಟುಕೊಟ್ಟವರಿಗೆ ತೋರಿಸಿದ ಅಗೌರವ.

ಕೆಲವೆಡೆ ದತ್ತಿ ಹೆಸರಿನಲ್ಲಿಯೇ ಕೆತ್ತಿಕೊಂಡಿರುತ್ತದೆ, ನಾವು ಓದುವುದಿಲ್ಲ. ಕೆಮ್ಮಣ್ಣುಗುಂಡಿ ಎಂದರೇನು? ಕೆಂಪು ಮಣ್ಣಿನ ಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬೀಡಾಗಿ, ಈಗ ತೋಟಗಾರಿಕೆ ಇಲಾಖೆಯ ಹೂದೋಟವಾಗಿ ಹೆಸರಾದ ಈ ಗಿರಿಧಾಮದ ಮಣ್ಣು ಕಬ್ಬಿಣದ ಅದಿರು. 1923ರಲ್ಲಿ ಉತ್ಪಾದನೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಈ ಬೆಟ್ಟ ಅದಿರನ್ನು ಒದಗಿಸಿತು; ತಂತಿಯ ತೊಟ್ಟಿಲುಗಳಲ್ಲಿ ಅದು ಬೆಟ್ಟದಿಂದ ತಣಿಗೆಬೈಲಿಗೆ ಇಳಿಯುತ್ತಿತ್ತು. ವಿಶ್ವೇಶ್ವರಯ್ಯನವರ ಮೈಸೂರಿನ ಕನಸಿಗೆ ಬೇಕಾದ ಕಬ್ಬಿಣ ಗುಲಾಬಿತೋಟದ ಬುಡದಲ್ಲಿತ್ತು ಎಂದು ತಿಳಿದು ನೋಡುವ ಗುಲಾಬಿಗೆ ಬಣ್ಣ ಹೆಚ್ಚೇ ಹೊರತು ಕಡಮೆಯಲ್ಲ.

ಇಷ್ಟು ಹೊತ್ತೂ ಸ್ಥಳದ ಮಾತಾಯಿತು. ಸ್ಥಳವನ್ನು ನೋಡಲು ಬಂದವನ ಮಾತು ಉಳಿದಿದೆ. ಪ್ರವಾಸ ಗದ್ಯದಲ್ಲಿ ಅವನು ಬರಿಯ ಎರಡು ಕಣ್ಣು. ಅವನು ನೋಡುತ್ತಾನೆ, ಆನಂದಿಸುತ್ತಾನೆ, ಹಿಂದಿರುಗುತ್ತಾನೆ. ಅವನು ಬಂದುದರಿಂದ ಆ ಊರಿಗೆ ಏನೂ ಆಗುವುದಿಲ್ಲ. ಈ ಭ್ರಮೆಯನ್ನು ಒಡೆದ ಕಥೆ ಕನ್ನಡದಲ್ಲಿದೆ. ಅದರ ಕರ್ತೃವಿನ ಹೆಸರಿನಲ್ಲಿಯೇ ಈ ಸೀಮೆಯ ಊರೊಂದಿದೆ. 'ಆನಂದ' ಕಾವ್ಯನಾಮದ ಅಜ್ಜಂಪುರ ಸೀತಾರಾಂ (1902–1963) ಅವರ 'ನಾನು ಕೊಂದ ಹುಡುಗಿ'. ಹಳೆಯ ಶಿಲ್ಪಗಳನ್ನು ನೋಡುತ್ತ ಊರೂರು ಸುತ್ತುವ ವಿದ್ಯಾವಂತನೊಬ್ಬ ಹಳ್ಳಿಯ ಮನೆಯೊಂದರಲ್ಲಿ ಅತಿಥಿಯಾಗಿ ಇಳಿದುಕೊಳ್ಳುತ್ತಾನೆ. ಹರಕೆಯ ಕಾರಣ ಬಸವಿ ಬಿಟ್ಟಿದ್ದ ಆ ಮನೆಯ ಮಗಳು ತನಗೆ ತಿಳಿದ ಧರ್ಮದಂತೆ ಅವನ ಸೇವೆಗೆ ಬರುತ್ತಾಳೆ. ಅವನು ಸಭ್ಯನು; ಅವಳನ್ನು ಮುಟ್ಟುವುದಿಲ್ಲ, ತಿಳಿಹೇಳುತ್ತಾನೆ. ಅವಳು ನಡೆದುಕೊಂಡು ಬಂದ ಬಾಳು ಪಾಪದ್ದೆಂದು ಅವಳಿಗೆ ಅರ್ಥವಾಗುತ್ತದೆ. ಬೆಳಗಾಗುವ ಹೊತ್ತಿಗೆ ಅವಳು ಬಾವಿಯಲ್ಲಿ ಹೆಣವಾಗಿದ್ದಾಳೆ.

ಈ ಕಥೆಯನ್ನು ಸಾಮಾನ್ಯವಾಗಿ ಬಸವಿ ಪದ್ಧತಿಯ ಮೇಲಿನ ಕಥೆಯೆಂದು ಓದುತ್ತೇವೆ, ಪಾಠ ಮಾಡುತ್ತೇವೆ. ಪ್ರವಾಸಿಯ ಕಥೆಯೆಂದೂ ಅದನ್ನು ಓದಬಹುದು, ಓದಬೇಕು. ಕಲ್ಲಿನ ಹೆಣ್ಣಿನ ಭಾವಭಂಗಿಗಳನ್ನು ಸೂಕ್ಷ್ಮವಾಗಿ ಓದಬಲ್ಲ ಕಣ್ಣು ಎದುರಿಗೆ ನಿಂತ ಹೆಣ್ಣನ್ನು ಓದುವಾಗ ತನ್ನ ಮಾತಿನ ಹರಿತವನ್ನು ಅಳೆಯದೆ ಹೋಯಿತು. ಅವನ ಉದ್ದೇಶ ಒಳ್ಳೆಯದೇ. ಕಥೆಯ ಕ್ರೌರ್ಯ ಇರುವುದು ಅಲ್ಲಿಯೇ. ಹೆಸರನ್ನು ನೋಡಿ: 'ನಾನು ಕೊಂದ'. ನೋಡಲು ಹೋದವನು ಕೊನೆಗೆ ತನ್ನ ಹೆಸರಿನಲ್ಲಿ ಲೆಕ್ಕ ಬರೆದುಕೊಳ್ಳುತ್ತಾನೆ. ನಾನು ಹೇಳುವ ದತ್ತಿಭಾಗಕ್ಕೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಕಠೋರವಾದ ಉದಾಹರಣೆ ನಮ್ಮ ಗದ್ಯದಲ್ಲಿ ಸಿಕ್ಕುವುದು ಕಷ್ಟ. ನಡುಗಡ್ಡೆಗೆ ಹೋಗುವ ಪ್ರತಿಯೊಬ್ಬ ಅತಿಥಿಯೂ ಕೊಲೆಗಾರನೆಂದು ನನ್ನ ಮಾತಿನ ಅರ್ಥವಲ್ಲ. ದೋಣಿಯನ್ನು ಗೂಡುಗಳಿಗೆ ತೀರ ಹತ್ತಿರ ಒಯ್ಯಿರೆಂದು ಒತ್ತಾಯಿಸುವವನಿಗೆ, ತಾಯಿಹಕ್ಕಿ ಎದ್ದು ಹೋದ ಮೇಲೆ ಬಿಸಿಲಿಗೆ ಬಿದ್ದ ಮೊಟ್ಟೆಯ ಲೆಕ್ಕ ಯಾರದೆಂದು ಹೊಳೆದರೆ ಸಾಕು.

ಇನ್ನೊಂದು ಕೊರತೆಯನ್ನೂ ಹೇಳಬೇಕು. ಮಡಿಕೆ ಹಾಳೆಯ ನಕ್ಷೆ ಪಡುವಲಿನ ಹಸಿರಿನಲ್ಲಿ ಮೊದಲಾಗಿ ತರೀಕೆರೆಯ ಪೇಟೆಗೆ ನಿಂತುಬಿಡುತ್ತದೆ. ಮೂಡಲಿನ ಅಜ್ಜಂಪುರ, ಕಡೂರುಗಳು ಅದರಲ್ಲಿಲ್ಲ. ಅವು ಬಯಲುಸೀಮೆ, ತೆಂಗು, ರಾಗಿ, ಈರುಳ್ಳಿಗಳ ನಾಡು, ನಯನಮನೋಹರ ಎಂಬ ಶಬ್ದ ಅಲ್ಲಿ ಕಾಲೂರುವುದಿಲ್ಲ. ಆದರೆ ಬಾಬಾಬುಡನ್ ಗಿರಿಸಾಲಿನ ಮೇಲೆ ಬಿದ್ದ ಮಳೆಯನ್ನು ಕೇಳಿ ನೋಡಿ. ಪಡುವಣ ಇಳಿಜಾರಿನ ಹನಿ ಭದ್ರೆಗೆ ಸೇರಿ ನಡುಗಡ್ಡೆಯನ್ನು ಸುತ್ತುತ್ತದೆ. ಮೂಡಣ ಇಳಿಜಾರಿನ ಹನಿ ವೇದಾ, ಅವತಿ ಎಂಬ ಹಳ್ಳಗಳಾಗಿ, ಸ‌ಖರಾಯಪಟ್ಟಣದ ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ತುಂಬಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತದೆ. ಒಂದೇ ಬೆಟ್ಟದ ಎರಡು ಮಕ್ಕಳು. ಒಂದರ ಚಿತ್ರ ಮಾತ್ರ ಚೌಕಟ್ಟು ಕಂಡಿದೆ. ಮದಗದ ಕೆರೆಗೆ ಮಳೆ ಬಂದುದನ್ನು ಹಾಡುವ ಜನಪದ ಗೀತೆ ಕನ್ನಡಿಗರೆಲ್ಲರ ನಾಲಗೆಯ ಮೇಲಿದೆ. ಅದು ತಮ್ಮ ಕೆರೆಯ ಹಾಡೆಂದು ಕಡೂರಿನವರ ನಂಬಿಕೆ. ನೀರು ಸಾಲದ ನಾಡಿಗೆ ನೀರು ಬಂದರೆ ಹೇಗೆ ಹಾಡಬೇಕೆಂಬುದನ್ನು ನಾವು ಆ ಹಾಡಿನಿಂದ ಕಲಿತಿದ್ದೇವೆ. ಅದರಲ್ಲಿಯೂ ಬರಿಯ ಪ್ರಶಸ್ತಿಯಿಲ್ಲ; ಕೆರೆ ಏರಿಯ ಗಾಬರಿಯಿದೆ, ಜನರ ದುಡಿಮೆಯಿದೆ.

ಈಗ ಈ ಎರಡು ಮಕ್ಕಳನ್ನು ಮತ್ತೆ ಕೂಡಿಸುವ ಕೆಲಸ ನಡೆದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯ ನೀರನ್ನು ಭದ್ರೆಗೆ ಎತ್ತಿ, ಭದ್ರೆಯಿಂದ ಮೇಲಕ್ಕೆತ್ತಿ, ಅಜ್ಜಂಪುರದ ಬಳಿ ಸುಮಾರು ಏಳು ಕಿಲೋಮೀಟರು ಉದ್ದದ ಸುರಂಗದಲ್ಲಿ ಮೂಡಲಿಗೆ ದಾಟಿಸುತ್ತಾರೆ. ಆ ನೀರು ವೇದಾವತಿಯ ವಾಣಿವಿಲಾಸ ಸಾಗರವನ್ನೂ ಮುಟ್ಟಿದೆ. ಯೋಜನೆಯ ಒಟ್ಟು ನೀರು 29.90 ಟಿ.ಎಂ.ಸಿ. ಇದರ ಒಳಿತು ಕೆಡುಕು, ಯಾರ ಪಾಲು ಎಷ್ಟು ಎಂಬ ತಗಾದೆ ಇಲ್ಲಿ ಬೇಡ. ಆದರೆ ನಡುಗಡ್ಡೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತ ನೋಡುವ ನಿಶ್ಚಲವಾದ ನೀರು ನಿಜಕ್ಕೂ ನಿಶ್ಚಲವಲ್ಲ. ಅದರ ಒಂದೊಂದು ಅಡಿಗೂ ಕಾಯುವ ಊರುಗಳಿವೆ. ನೀರನ್ನು ಹಿಂಬಾಲಿಸಿ ಒಂದು ದಿನ ಅಜ್ಜಂಪುರಕ್ಕೆ ಹೋದವನಿಗೆ ಅಮೃತಮಹಲ್ ತಳಿಯ ದನಗಳ ಸಂವರ್ಧನ ಕೇಂದ್ರವೂ ಸಿಕ್ಕುತ್ತದೆ. ಮೈಸೂರು ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿ, ಸೈನ್ಯದ ಬಂಡಿಗಳನ್ನೆಳೆದ ನೀಳಕೊಂಬಿನ ಆ ದನಗಳಿಗೆ ಹೆಸರು ತಂದಿತು. ಇದು ನೋಡತಕ್ಕ ಸ್ಥಳವಲ್ಲವೆಂದು ಯಾರು ತೀರ್ಮಾನಿಸಿದರು?

ದಣಿದು ಬಂದವರಿಗೆ ಈ ಲೆಕ್ಕಪತ್ರವೆಲ್ಲ ಏಕೆ, ನಾಲ್ಕು ದಿನ ಹಾಯಾಗಿರಲಿ ಬಿಡಿ ಎಂದು ಕೆಲವರು ಹೇಳಿಯಾರು. ಒಪ್ಪತಕ್ಕ ಮಾತೇ. ರಜೆಯನ್ನು ತರಗತಿ ಮಾಡಬೇಕೆಂಬ ಚಪಲ ನಮ್ಮ ವೃತ್ತಿಯವರಿಗೆ ಸಹಜ. ಅದನ್ನು ತಡೆದುಕೊಂಡೇ ಹೇಳುತ್ತೇನೆ. ದತ್ತಿಭಾಗವೆಂದರೆ ಉಪದೇಶವಲ್ಲ. ವಿ. ಸೀತಾರಾಮಯ್ಯನವರ 'ಪಂಪಾಯಾತ್ರೆ'ಯನ್ನಾಗಲಿ, ಇದೇ ಜಿಲ್ಲೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ದ್ವೀಪಗಳಿಗೇ ಹೋಗಿಬಂದು ಬರೆದ 'ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್' ಪುಸ್ತಕವನ್ನಾಗಲಿ ಓದಿದವರಿಗೆ ಪಾಠ ಕೇಳಿದ ಬೇಸರವಾಗಿಲ್ಲ. ಇಬ್ಬರ ಶೈಲಿಯೂ ಬೇರೆ, ಕಾಲವೂ ಬೇರೆ. ಆದರೆ ಇಬ್ಬರಿಗೂ ಕುತೂಹಲವಿತ್ತು. ಕುತೂಹಲವಿದ್ದಲ್ಲಿ ವಿಶೇಷಣ ತಾನಾಗಿ ಹಿಂದೆ ಸರಿದು ಸಂಗತಿಗೆ ದಾರಿ ಬಿಡುತ್ತದೆ. ಸಂಗತಿ ತಿಳಿದವನ ವಿಶ್ರಾಂತಿ ಕೆಡುವುದಿಲ್ಲ. ಅವನಿಗೆ ಮನೆಗೆ ಒಯ್ಯಲು ಛಾಯಾಚಿತ್ರದ ಜತೆಗೆ ಇನ್ನೇನೋ ಸಿಕ್ಕಿರುತ್ತದೆ.

ಕೊನೆಗೆ ಕಡೂರು ತಾಲ್ಲೂಕಿನ ಇನ್ನೊಂದು ಊರು, ದೇವನೂರು. 'ಜೈಮಿನಿ ಭಾರತ'ದ ಲಕ್ಷ್ಮೀಶನ ಊರೆಂದು ವಿದ್ವಾಂಸರು ಗುರುತಿಸಿರುವ ದೇವಪುರ ಇದೇ. ಅವನ ಆರಾಧ್ಯದೈವ ಲಕ್ಷ್ಮೀಕಾಂತನ ಗುಡಿ ಅಲ್ಲಿದೆ. ಅವನ ಕಾವ್ಯವೂ ಒಂದು ದೊಡ್ಡ ಪ್ರವಾಸವೇ: ಯಾಗದ ಕುದುರೆ ಹೋದಲ್ಲೆಲ್ಲ ಅರ್ಜುನ ಹಿಂಬಾಲಿಸುತ್ತಾನೆ. ಆ ದಾರಿಯಲ್ಲಿ ಒಂದು ದ್ವೀಪವೂ ಬರುತ್ತದೆ. ಸಮುದ್ರದ ನಡುವೆ ಬಕದಾಲ್ಭ್ಯ ಮುನಿ ಕುಳಿತಿದ್ದಾನೆ. ಅವನಿಗೆ ಎಲೆಯೊಂದರ ನೆರಳೇ ಮನೆ. ಗುಡಿಸಲನ್ನಾದರೂ ಏಕೆ ಕಟ್ಟಿಕೊಳ್ಳಲಿಲ್ಲವೆಂದು ಬಂದವರು ಕೇಳಿದರೆ, ಅಷ್ಟಕ್ಕೆಲ್ಲ ಈ ಆಯುಷ್ಯ ಎಷ್ಟರದು ಎಂಬ ಧಾಟಿಯಲ್ಲಿ ಉತ್ತರ ಬರುತ್ತದೆ. ಬ್ರಹ್ಮರು ಬಂದು ಹೋದುದನ್ನು ಕಂಡವನ ಮಾತದು! ಉಪಮೆಗಳಲ್ಲಿ ಓಲಾಡುವ ಲಕ್ಷ್ಮೀಶನಿಗೆ ಸಮುದ್ರವರ್ಣನೆಯ ಅವಕಾಶ ಕಡಮೆಯದಲ್ಲ. ಆದರೆ ನಮ್ಮ ನೆನಪಿನಲ್ಲಿ ಉಳಿಯುವುದು ಅಲೆಯ ಸೊಬಗಲ್ಲ. ಅಲ್ಲಿ ಇರುವವನ ಮಾತು, ಅದನ್ನು ಕೇಳಲು ದ್ವಾರಕೆಯ ದೊರೆಯೂ ಗಾಂಡೀವಿಯೂ ನಿಂತುಕೊಂಡದ್ದು. ಅತಿಥಿಗಳು ಅಲ್ಲಿ ದ್ವೀಪವನ್ನು ನೋಡಿ ಬರಲಿಲ್ಲ, ದ್ವೀಪದವನನ್ನು ಕೇಳಿ ಬಂದರು.

ಪ್ರವಾಸ ಗದ್ಯ ಬರೆಯುವವರು, ಬರೆಸುವವರು, ಮುಂದಿನ ಸಲ ಹಾಳೆಯನ್ನು ಅಚ್ಚಿಗೆ ಕೊಡುವಾಗ ಅಮೃತಾಪುರದ ಶಾಸನದ ಮುಂದೆ ಹತ್ತು ನಿಮಿಷ ನಿಂತು ಬರಲಿ. ಹೊಗಳುವುದನ್ನು ಬಿಡಬೇಕಾಗಿಲ್ಲ, ಜನ್ನನೂ ಹೊಗಳಿದವನೇ. ಹೊಗಳಿಕೆ ಮುಗಿದ ಮೇಲೆ ಒಂದು ಸಾಲು ಬಿಟ್ಟು, ಈ ನೀರು ಯಾವ ವರ್ಷ ನಿಂತಿತು, ಯಾರ ನೆಲದ ಮೇಲೆ ನಿಂತಿತು, ಯಾವ ತಿಂಗಳಲ್ಲಿ ಇಳಿಯುತ್ತದೆ, ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನಾಲ್ಕು ಸಾಲು ಸೇರಿಸಲಿ. ಹಾಳೆಯಲ್ಲಿ ಜಾಗ ಸಾಲದಾದರೆ 'ಭೂಲೋಕದ ಸ್ವರ್ಗ'ವನ್ನು ತೆಗೆದರಾಯಿತು.